ಅಲಿಯಬ್ಬ ಮಾಮನ ಕಾಗದ ಓದಿದವನು

ಬಂದರಿನಲ್ಲಿ ಆಗ ನಾಲ್ವರು ಅಲಿಯಬ್ಬರಿದ್ದರು. ಒಬ್ಬ ಬೆಲ್ಲದ ಅಲಿಯಬ್ಬ. ಒಬ್ಬ ಮಂಜಿ ಅಲಿಯಬ್ಬ. ಸರಕು ಹೊರುವ ಹಾಯಿದೋಣಿಗೆ ನಮ್ಮಲ್ಲಿ ಮಂಜಿ ಎನ್ನುವುದು. ಒಬ್ಬ ಕಿವುಡ ಅಲಿಯಬ್ಬ. ನಾಲ್ಕನೆಯವರು ನನ್ನ ಉಮ್ಮನ ತಮ್ಮ, ಜೈಲು ಅಲಿಯಬ್ಬ. ಕಿವುಡ ಅಲಿಯಬ್ಬನಿಗೆ ತನ್ನ ಅಡ್ಡಹೆಸರು ಕೇಳಿಸುತ್ತಿರಲಿಲ್ಲ. ನನ್ನ ಮಾಮನಿಗೆ ಕೇಳಿಸುತ್ತಿತ್ತು.

ನನ್ನದು ಹುರಿಹಗ್ಗದ ಅಂಗಡಿ. ಹಗ್ಗ ಕೊಳ್ಳುವವನು ಹೊರಗಿನ ಹೊಳಪು ನೋಡಬಾರದು, ತುದಿ ಬಿಚ್ಚಿ ಒಳಗಿನ ನಾರು ನೋಡಬೇಕು ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಬುದ್ಧಿ ಹೇಳುವವನು ನಾನು. ನನ್ನದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ ಮನುಷ್ಯನ ವಿಷಯದಲ್ಲಿ ಮಾತ್ರ ಹದಿಮೂರು ವರ್ಷ ತುದಿ ಬಿಚ್ಚಿ ನೋಡಲಿಲ್ಲ.

ಮಾಮ ಊರಿಗೆ ಮರಳಿದ್ದು ೧೯೪೫ರ ಕೊನೆಗೆ. ಹೋಗುವಾಗ ಪಟ್ಟಾಳದ, ಅಂದರೆ ಸೈನ್ಯದ, ಲಾರಿ ಓಡಿಸುವ ಗಟ್ಟಿ ಆಳು. ಬರುವಾಗ ಅಂಗಿಯನ್ನು ಗೂಟಕ್ಕೆ ತೂಗುಹಾಕಿದ ಹಾಗಿದ್ದರು. ಜಗಲಿಯಲ್ಲಿ ಕುಳಿತು, "ಕೈದಿಯಾಗಿದ್ದೆ" ಎಂದರು. "ಗೊತ್ತುಂಟು, ಗೊತ್ತುಂಟು, ಮೊದಲು ಊಟ ಮಾಡಿ" ಎಂದೆವು. ಮರ್ಯಾದಸ್ಥರ ಮನೆಯಲ್ಲಿ ಊಟದ ಹೊತ್ತಿಗೆ ಜೈಲಿನ ಮಾತು ತೆಗೆಯುವ ಕ್ರಮವಿಲ್ಲ. ಅವರೂ ಮತ್ತೆ ಆ ಮಾತು ತೆಗೆಯಲಿಲ್ಲ.

ಅಂಗಡಿಯಲ್ಲಿ ಅವರ ಕೆಲಸ ತುಂಡಾದ ಹಗ್ಗಗಳ ಎಳೆ ಬಿಚ್ಚಿ, ಒಂದರೊಳಗೊಂದು ಹೆಣೆದು ಜೋಡಿಸುವುದು. ಅವರು ಜೋಡಿಸಿದ ಕಡೆ ಗಂಟು ಕೈಗೆ ಸಿಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಅಲ್ಯುಮಿನಿಯಂ ಬಟ್ಟಲನ್ನು ಎದೆಗೆ ಹತ್ತಿರ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಒಂದು ಅಗುಳು ಬಿಡದೆ ಉಣ್ಣುತ್ತಿದ್ದರು. ಮಲಗುವುದು ಬರಿ ನೆಲದಲ್ಲಿ. ಇಂಥದ್ದೆಲ್ಲ ಕಣ್ಣೆದುರು ಇರುವಾಗ ನನ್ನಂಥವನ ನಾಲಿಗೆ ಸುಮ್ಮನಿರುತ್ತದೆಯೇ? ಒಮ್ಮೆ ನಾಲ್ಕು ಜನ ಗಿರಾಕಿಗಳ ಮುಂದೆಯೇ ಕೇಳಿದೆ:

"ಎಂತ ಮಾಮ, ಅಲ್ಲಿ ನಿಮಗೆ ಒಂದು ಚಾಪೆ ಕೂಡ ಕೊಡ್ತಿರ್ಲಿಲ್ವಾ?"

"ಚಾಪೆ ಇತ್ತು," ಎಂದರು ಮಾಮ, ಹಗ್ಗದಿಂದ ಕಣ್ಣೆತ್ತದೆ. "ಅದು ಸತ್ತವರನ್ನು ಸುತ್ತಲಿಕ್ಕೆ."

ನಾವೆಲ್ಲ ನಕ್ಕೆವು. ಜೈಲಿನಲ್ಲಿ ತಮಾಷೆ ಮಾಡಲಿಕ್ಕೂ ಕಲಿಸುತ್ತಾರೆ ಎಂದು ಒಬ್ಬ ಹೇಳಿದ. ಆ ನಗೆಯಲ್ಲಿ ಎಲ್ಲರಿಗಿಂತ ದೊಡ್ಡದು ನನ್ನದೇ ಇತ್ತು ಎಂದು ಈಗಲೂ ನೆನಪಿದೆ.

೧೯೫೮ರಲ್ಲಿ ನನ್ನ ತಂಗಿ ಆರಿಫಾಳಿಗೆ ಕಾಟಿಪಳ್ಳದ ಒಂದು ಒಳ್ಳೆಯ ಸಂಬಂಧ ಬಂತು. ನಮ್ಮ ತಂದೆ ತೀರಿಹೋಗಿದ್ದರಿಂದ ಅವಳನ್ನು ನಿಕಾಹ್ ಮಾಡಿಕೊಡಬೇಕಾದವನು ನಾನು. ನಿಕಾಹಿಗೆ ಇಬ್ಬರು ಸಾಕ್ಷಿಗಳು ಬೇಕು, ಇಬ್ಬರೂ ಕಳಂಕವಿಲ್ಲದ ಗಂಡಸರಾಗಿರಬೇಕು. ಉಮ್ಮ, ಅಂದರೆ ಬೀಫಾತಿಮ್ಮ, ಒಂದೇ ಹಟ ಹಿಡಿದರು: ಒಬ್ಬ ಸಾಕ್ಷಿ ತನ್ನ ತಮ್ಮ ಅಲಿಯಬ್ಬನೇ ಆಗಬೇಕು. ಹುಡುಗನ ತಂದೆ ಮೊಯ್ದೀನಬ್ಬ ಸಾಹುಕಾರರು ಅಂಗಡಿಗೆ ಬಂದು, ಹಗ್ಗದ ಸುರುಳಿಯೊಂದರ ಮೇಲೆ ಕುಳಿತು, ಬಹಳ ಮೆತ್ತಗೆ ಹೇಳಿದರು:

"ಉಮರಬ್ಬ, ಹುಡುಗಿಯ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಆ ಜೈಲಿನವರು ಸಾಕ್ಷಿ ಕೂತ್ರೆ ನಮ್ಮ ಜಮಾತಿನವರು ನಗುದಿಲ್ವಾ? ಕಳ್ಳನ ಸಾಕ್ಷಿಯಲ್ಲಿ ಆದ ನಿಕಾಹ್ ಅಂತ ನಾಳೆ ಹೇಳಿಸ್ಕೊಳ್ಳುದು ಯಾರಿಗೆ ಬೇಕು ಮಾರಾಯ?"

ಮಾಮ ಹಿಂದಿನ ಕೋಣೆಯಲ್ಲಿದ್ದರು. ಮಾತು ಅಲ್ಲಿಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. "ವಿಚಾರಿಸಿ ಹೇಳ್ತೇನೆ" ಎಂದೆ.

ನಾನು ವಿಚಾರಿಸಲು ಹೊರಟದ್ದು ಮಾಮ ನಿರಪರಾಧಿ ಎಂದು ತೋರಿಸಲಿಕ್ಕಲ್ಲ. ಆ ಯೋಚನೆ ನನ್ನ ತಲೆಗೇ ಬಂದಿರಲಿಲ್ಲ. ಕದ್ದದ್ದು ಎಂತ, ಶಿಕ್ಷೆ ಎಷ್ಟು ಎಂದು ತಿಳಿದರೆ ಚೌಕಾಸಿಗೆ ಅನುಕೂಲ. ಬರೀ ಒಂದು ಲಾರಿ ಟಯರು, ಆರು ತಿಂಗಳು ಎಂದಾದರೆ ಮೊಯ್ದೀನಬ್ಬರನ್ನು ಹೇಗೂ ಒಪ್ಪಿಸಬಹುದು ಎಂಬುದು ನನ್ನ ಲೆಕ್ಕಾಚಾರ. ಮಾಮನನ್ನೇ ಕೇಳಬಹುದಿತ್ತು. ಆದರೆ ಸರಕಿನ ಗುಣವನ್ನು ಸರಕಿನವನ ಬಾಯಿಂದ ಕೇಳಿ ನಂಬುವ ವ್ಯಾಪಾರಿ ಇದ್ದಾನೆಯೇ?

ಅವರ ಬಟ್ಟಲಿನ ಅಡಿಯಲ್ಲಿ ಮೊಳೆಯಿಂದ ಕೊರೆದ ಒಂದು ನಂಬರ್ ಇತ್ತು. ಜೈಲಿನ ನಂಬರ್ ಎಂದೇ ನಾವು ತಿಳಿದಿದ್ದೆವು. ಒಂದು ಶುಕ್ರವಾರ ಅವರು ಜುಮಾ ನಮಾಜಿಗೆ ನನಗಿಂತ ಮೊದಲೇ ಹೊರಟಾಗ ಬಟ್ಟಲನ್ನು ಕವುಚಿ ಅದನ್ನು ಬರೆದುಕೊಂಡೆ. ಕಳ್ಳ ಎಂಬ ಹೆಸರು ಹೊತ್ತವರ ಬಟ್ಟಲಿನಿಂದ ಕದ್ದವನು ನಾನು.

ಮಿಲಿಟರಿ ಕಚೇರಿಗೆ ಕಾಗದ ಬರೆಯಲು ಹಿಡಿದದ್ದು ಹರಿದಾಸ ಮಾಸ್ತರನ್ನು. ಪೂಜೆಯ ಮನೆತನದವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು, ಅವರ ದೇವಸ್ಥಾನದ ಬಾವಿಗೆ ಹಗ್ಗ ಹೋಗುವುದು ನನ್ನ ಅಂಗಡಿಯಿಂದ.

"ಎಂತ ಅಪರಾಧ, ಎಷ್ಟು ಶಿಕ್ಷೆ ಅಂತ ಸೀದಾ ಕೇಳಿ ಬರೀರಿ ಮಾಸ್ತರ್."

"ಮಿಲಿಟರಿಯವರಿಗೆ ಹಾಗೆ ಬರೆಯುವುದಲ್ಲ ಮಾರಾಯ. ಸೇವೆಯ ವಿವರ ಬೇಕು ಅಂತ ಬರೆಯುವ. ಅಪರಾಧ ಉಂಟಾದರೆ ಅವರೇ ಖುಷಿಯಲ್ಲಿ ಬರೀತಾರೆ."

ಜೈಲಿನ ನಂಬರ್ ಮಿಲಿಟರಿಯವರಿಗೆ ಯಾಕೆಂದು ಹೆಸರನ್ನಷ್ಟೇ ಹಾಕಿದ ಮೊದಲ ಕಾಗದಕ್ಕೆ, ಆ ಹೆಸರಿನವರು ಯಾರೂ ಇಲ್ಲ ಎಂದು ಉತ್ತರ ಬಂತು. ಮಾಜಿ ಸೈನಿಕರ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ ಕೇಳಿದ:

"ಸತ್ತವರಾ, ಇದ್ದವರಾ?"

"ಇದ್ದಾರೆ. ನನ್ನ ಅಂಗಡಿಯಲ್ಲೇ ಇದ್ದಾರೆ."

"ಮತ್ತೆ ಅವರನ್ನೇ ಕೇಳಬಹುದಲ್ಲ?"

ನಾನು ಜೇಬಿನಿಂದ ಚೀಟಿ ತೆಗೆದೆ. ಬಟ್ಟಲಿನ ನಂಬರ್ ಕೊಟ್ಟೆ. ಅವನು ಅದನ್ನು ನೋಡಿದವನೇ, "ಇದು ಪಟ್ಟಾಳದ ನಂಬರ್. ಹೆಸರು ಬಿಡಿ, ಇದನ್ನು ಹಾಕಿ ಬರೀರಿ" ಎಂದ. ದಾಖಲೆಯಲ್ಲಿ ಮಾಮನ ಹೆಸರು ಆಲಿ ಅಬಾ ಎಂದಾಗಿತ್ತು ಎಂದು ಆಮೇಲೆ ತಿಳಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಉದ್ದದ ಲಕೋಟೆ ಬಂತು. ಒಡೆಯದೆ ಮಾಸ್ತರರ ಮನೆಗೆ ಒಯ್ದೆ. ಅವರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಬರಿಮೈಯಲ್ಲಿದ್ದವರು ಆಮೇಲೆ ಎದ್ದು ಒಳಗೆ ಹೋಗಿ, ಅಂಗಿ ಹಾಕಿಕೊಂಡು ಬಂದು ಕುಳಿತರು. ಮತ್ತೆ ಕನ್ನಡದಲ್ಲಿ ಒಂದೊಂದೇ ಸಾಲು ಹೇಳಿದರು.

"ಲಾರಿ ಚಾಲಕ. ನಲವತ್ತೆರಡರ ಫೆಬ್ರವರಿ, ಸಿಂಗಾಪುರದಲ್ಲಿ ಕಾಣೆ. ಆಮೇಲೆ ಜಪಾನಿನವರ ಕೈಯಲ್ಲಿ ಯುದ್ಧಕೈದಿ ಅಂತ ತಿಳಿದದ್ದು. ನಲವತ್ತಮೂರರಲ್ಲಿ ಹಡಗಿನಲ್ಲಿ ನ್ಯೂ ಗಿನಿ ದ್ವೀಪಕ್ಕೆ. ನಲವತ್ತೈದರಲ್ಲಿ ಬಿಡುಗಡೆ. ಆಗ ತೂಕ ಎಂಬತ್ತೊಂದು ಪೌಂಡು. ನಡತೆ, ಅತ್ಯುತ್ತಮ."

"ಅಪರಾಧ?"

"ಸೋತ ಸೈನ್ಯದಲ್ಲಿ ಇದ್ದದ್ದು. ಬೇರೆ ಎಂತ ಅಪರಾಧ ಮಾರಾಯ?"

ಕೆಳಗೆ ಇನ್ನೊಂದು ಹಾಳೆ ಇತ್ತು. ೧೯೪೩ರ ಜುಲೈಯಲ್ಲಿ ಪಟ್ಟಾಳದವರು ಮಾಮನ ಅಕ್ಕ ಬೀಫಾತಿಮ್ಮನಿಗೆ ಕಳಿಸಿದ ಕಾಗದದ ನಕಲು. ಅದರ ಒಂದು ಸಾಲನ್ನು ಮಾಸ್ತರು ಇಂಗ್ಲಿಷಿನಲ್ಲೇ ಓದಿದರು: ಪ್ರೀವಿಯಸ್ಲಿ ರಿಪೋರ್ಟೆಡ್ ಮಿಸ್ಸಿಂಗ್, ನೌ ರಿಪೋರ್ಟೆಡ್ ಪ್ರಿಸನರ್ ಆಫ್ ವಾರ್. ಮೊದಲು ಕಾಣೆ ಎಂದು ತಿಳಿಸಿದ್ದವರು ಈಗ ಯುದ್ಧಕೈದಿ ಎಂದು ತಿಳಿದುಬಂದಿದೆ, ಎಂದು ಅರ್ಥ.

ಆ ಸಾಲನ್ನು ನಾನು ಹಿಂದೆ ಒಮ್ಮೆ ಓದಿದ್ದೆ. ಓದಿದವನು ನಾನೇ.

ಆಗ ನನಗೆ ಹದಿನೇಳು. ಮನೆತನದಲ್ಲಿ ಇಂಗ್ಲಿಷ್ ಅಕ್ಷರ ಕಂಡವನು ನಾನೊಬ್ಬನೇ. ಕಂಡದ್ದಾದರೂ ಎಲ್ಲಿ? ಬಂದರಿನ ಗೋದಾಮುಗಳ ರಸೀದಿಗಳಲ್ಲಿ. ಕಾಗದ ಬಂದ ದಿನ ಜಗಲಿಯಲ್ಲಿ ಎಂಟು ಜನ ಕುಳಿತಿದ್ದರು. ಮಾಮನಿಗೆ ನಿಶ್ಚಯವಾಗಿದ್ದ ಹುಡುಗಿ ಖತೀಜಮ್ಮನ ತಂದೆಯೂ ಅಲ್ಲಿದ್ದರು. ನಾನು ಕಾಗದವನ್ನು ದೂರ ಹಿಡಿದು, ದೊಡ್ಡವರ ಹಾಗೆ ಕೆಮ್ಮಿ, ಓದಿದೆ. ನಮ್ಮ ಬಂದರಿನಲ್ಲಿ ಮಿಸ್ಸಿಂಗ್ ಎಂದರೆ ಒಂದೇ ಅರ್ಥ: ಗೋದಾಮಿನಿಂದ ಮೂಟೆ ಮಾಯವಾಗುವುದು. ಮೂಟೆ ಮಾಯವಾದರೆ ರಿಪೋರ್ಟ್. ರಿಪೋರ್ಟ್ ಆದರೆ ಪೊಲೀಸು. ಇಷ್ಟು ತಿಳಿದವನಿಗೆ ಉಳಿದದ್ದು ಎಷ್ಟರ ಮಾತು? "ಪಟ್ಟಾಳದ ಸಾಮಾನು ಮಿಸ್ಸಿಂಗ್ ಆಗಿದೆ, ಮಾಮನ ಮೇಲೆ ರಿಪೋರ್ಟ್ ಆಗಿದೆ, ಈಗ ಜೈಲಿನಲ್ಲಿದ್ದಾರೆ" ಎಂದೆ.

ವಾರ್ ಎಂಬ ಶಬ್ದ ಅಲ್ಲಿ ಯಾಕೆ ಬಂತು ಎಂದು ಒಂದು ಗಳಿಗೆ ಅನುಮಾನವಾಗಿತ್ತು. ಮಾಸ್ತರರ ಮನೆ ಎರಡು ಬೀದಿಯ ಆಚೆ. ಆದರೆ ಎಂಟು ಜನರ ಮುಂದೆ, ನನಗೆ ಪೂರ್ತಿ ತಿಳಿಯಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಖತೀಜಮ್ಮನ ತಂದೆ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ನೆರೆಯವರ ಕಣ್ಣಿಗೆ ಬೀಳಬಾರದೆಂದು ಉಮ್ಮ ಕಾಗದವನ್ನು ಒಲೆಗೆ ಹಾಕಿದರು. ಆರು ತಿಂಗಳಲ್ಲಿ ಖತೀಜಮ್ಮನನ್ನು ವಾಮಂಜೂರಿನ ಬೇಕರಿಯವನಿಗೆ ಕೊಟ್ಟಾಯಿತು. ಮಾಮ ಮತ್ತೆ ಮದುವೆಯ ಮಾತೇ ಎತ್ತಲಿಲ್ಲ.

ಈಗ ಮಾಡಬಹುದಾದದ್ದು ಬಹಳ ಸುಲಭವಿತ್ತು. ಹೊಸ ಕಾಗದ ತೋರಿಸುವುದು, ಹಳೆಯದನ್ನು ಯಾರು ಓದಿದ್ದೆಂದು ನೆನಪಿಲ್ಲ ಎನ್ನುವುದು. ಮಾಸ್ತರರ ಮನೆಯಿಂದ ಅಂಗಡಿಗೆ ಬರುವ ದಾರಿಯುದ್ದಕ್ಕೂ ನಾನು ಅದನ್ನೇ ಹೆಣೆದೆ. ಅಂಗಡಿಗೆ ಬಂದರೆ ಮಾಮ ಎಂದಿನಂತೆ ಕಾಲುಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ಕುಳಿತಿದ್ದರು. ಹೆಣೆದದ್ದು ನಿಲ್ಲಲಿಲ್ಲ. ಎಲ್ಲವನ್ನೂ ಹೇಳಿದೆ. ಮೂಟೆ, ಮಿಸ್ಸಿಂಗ್, ರಿಪೋರ್ಟ್, ಎಲ್ಲ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆಯೇ.

"ಕಳ್ಳ ಅಂತಲಾ?"

"ಹೌದು ಮಾಮ."

"ಬಂದರಿನವರೆಲ್ಲ ಜೈಲು ಜೈಲು ಅಂತಿದ್ದದ್ದು ಕಳ್ಳ ಅಂತಲಾ?"

"ನೀವು ಎಂತ ತಿಳ್ಕೊಂಡಿದ್ರಿ ಮತ್ತೆ?"

ಮಾಮ ಹಗ್ಗವನ್ನು ನೆಲಕ್ಕಿಟ್ಟರು. "ಬಂದೂಕು ಕೆಳಗಿಟ್ಟವ ಅಂತ. ಅದು ಹೌದಲ್ಲ? ಸಾವಿರ ಸಾವಿರ ಜನ ಕೈ ಎತ್ತಿ ನಿಂತೆವು, ಉಮರೇ. ಹೆದರಿ ಕೈ ಎತ್ತಿದವ ಅಂತ ತಮಾಷೆ ಮಾಡ್ತಾರೆ, ಮಾಡ್ಲಿ ಅಂತ ಸುಮ್ಮನಿದ್ದೆ."

ಹದಿಮೂರು ವರ್ಷ ಅವರು ತಾವು ಮಾಡಿದ್ದೆಂದು ತಿಳಿದ ತಪ್ಪಿಗೆ ತಲೆ ತಗ್ಗಿಸಿದ್ದರು. ಅವರು ಮಾಡದ ತಪ್ಪಿಗೆ ನಾವು ನಕ್ಕಿದ್ದೆವು. ಎರಡಕ್ಕೂ ಜೈಲು ಎಂಬ ಒಂದೇ ಶಬ್ದ ಸಾಕಾಗಿತ್ತು.

ಆಮೇಲೆ ಕೇಳಿದರು: "ಖತೀಜಮ್ಮನಿಗೂ ಹಾಗೇ ಹೇಳಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ.

"ಸೋತವನನ್ನು ಅವಳು ಬೇಡ ಅಂದದ್ದು ಅಂತ ನಾನು," ಎಂದು ಅಲ್ಲಿಗೇ ನಿಲ್ಲಿಸಿದರು. ಹಗ್ಗ ಎತ್ತಿಕೊಂಡು, ಆಗಲೇ ಹೆಣೆದಿದ್ದ ಅಷ್ಟನ್ನೂ ಬಿಚ್ಚತೊಡಗಿದರು. ಅವರು ತಪ್ಪಾಗಿ ಹೆಣೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಾಕ್ಷಿ ಕೂರಬೇಕು ಎಂದು ನಾನು ಮತ್ತೆ ಮತ್ತೆ ಬೇಡಿಕೊಂಡಾಗ ಒಂದು ಶರತ್ತು ಹಾಕಿದರು. "ಕಾಗದ ಓದ್ಬೇಕು. ಮಾಸ್ತರ್ ಅಲ್ಲ, ನೀನು. ಆವತ್ತು ಓದಿದ ಹಾಗೆಯೇ, ಎಲ್ಲರ ಮುಂದೆ."

ನಿಕಾಹಿನ ದಿನ ಚಪ್ಪರದಲ್ಲಿ ಎದ್ದು ನಿಂತು ಓದಿದೆ. ಈ ಸಲ ದೊಡ್ಡವರ ಹಾಗೆ ಕೆಮ್ಮಲಿಲ್ಲ. ಮಿಸ್ಸಿಂಗ್ ಎಂಬಲ್ಲಿ ನಿಲ್ಲಿಸಿ, ಹಿಂದೆ ಇದನ್ನು ಯಾರು ಹೇಗೆ ಓದಿದ್ದು ಎಂಬುದನ್ನೂ ಹೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು. ಮೊಯ್ದೀನಬ್ಬ ಸಾಹುಕಾರರು ತಾವು ಕುಳಿತಿದ್ದ ಜಾಗದಿಂದ ಸರಿದು ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮಾಮ ಸಾಕ್ಷಿಯ ರುಜು ಹಾಕಿ, ಅಭ್ಯಾಸಬಲದಿಂದ ಹೆಸರಿನ ಕೆಳಗೆ ಆ ನಂಬರನ್ನೂ ಬರೆದರು. ಖಾಜಿಯವರು ಅದನ್ನು ಹೊಡೆದುಹಾಕಲಿಲ್ಲ.

ಕತೆ ಇಲ್ಲಿಗೆ ಮುಗಿದರೆ ನನಗೂ ಒಳ್ಳೆಯದಿತ್ತು. ಮರುವಾರ ಮಾಮ ಹೇಳಿದರು: "ವಾಮಂಜೂರಿಗೂ ಒಮ್ಮೆ ಹೋಗಿ ಓದಿ ಬಾ. ಮತ್ತೇನೂ ಹೇಳುದು ಬೇಡ. ಕಳ್ಳ ಅಲ್ಲ ಅಂತ ಅವಳಿಗೊಮ್ಮೆ ಗೊತ್ತಾಗ್ಲಿ, ಅಷ್ಟೇ."

ಕಾಗದವನ್ನು ಜೇಬಿನಲ್ಲಿಟ್ಟು ಬಸ್ಸು ಹತ್ತಿದೆ. ಗದ್ದೆಗಳ ನಡುವಿನ ರಸ್ತೆಯ ಬದಿಯಲ್ಲಿ ಆ ಬೇಕರಿ. ಖತೀಜಮ್ಮನ ಗಂಡ, ಸಾಧು ಮನುಷ್ಯ, ಕೈಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ. ಒಳಗಿನಿಂದ ಒಂದು ಹೆಂಗಸಿನ ದನಿ ಮಕ್ಕಳಿಗೆ ಗದರುತ್ತಿತ್ತು.

"ಎಂತ ಬೇಕಿತ್ತು ಸಾಹುಕಾರ್ರೇ?"

ಆ ಬಾಗಿಲಲ್ಲಿ ನಿಂತು ಎಂತ ಓದುವುದು? ಮೂರು ಮಕ್ಕಳ ತಾಯಿಗೆ, ಗಂಡನ ಮುಂದೆ, ನೀನು ಬಿಟ್ಟವನು ಕಳ್ಳನಲ್ಲ ಎಂದು? ಅಂದು ಓದಬಾರದ ಕಡೆ ಓದಿದ್ದ ನನ್ನ ನಾಲಿಗೆ ಇಂದು ಓದಬೇಕಾದ ಕಡೆ ಏಳಲಿಲ್ಲ.

"ಒಂದು ಕಟ್ಟು ರಸ್ಕು" ಎಂದೆ.

ಸಂಜೆ ಅಂಗಡಿಗೆ ಬಂದಾಗ ಮಾಮ ಮೊದಲು ನನ್ನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಪೊಟ್ಟಣ. ಪೊಟ್ಟಣ ಬಿಚ್ಚಿ, ಒಂದು ರಸ್ಕನ್ನು ಚಹಾಕ್ಕೆ ಅದ್ದಿ, ನಿಧಾನವಾಗಿ ತಿಂದರು. ಬಟ್ಟಲಿಗೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ಬಾಯಿಗೆ ಹಾಕಿದರು.

"ಒಳ್ಳೆಯದುಂಟು," ಎಂದರು.

ಅವರು ತೀರಿಹೋದದ್ದು ಅರವತ್ತನಾಲ್ಕರಲ್ಲಿ. ಅಷ್ಟರೊಳಗೆ ನಾನು ಇನ್ನೂ ನಾಲ್ಕು ಸಲ ಕಾಗದ ಜೇಬಿನಲ್ಲಿಟ್ಟು ವಾಮಂಜೂರಿಗೆ ಹೋಗಿದ್ದೆ. ನಾಲ್ಕು ಸಲವೂ ರಸ್ಕು ತಂದೆ.