ಪುರಾವೆ ವಕೀಲರ ಸ್ವಂತ ಅರ್ಜಿ

ನಮ್ಮ ನಗರಸಭೆಯ ವಕೀಲರಾಗಿದ್ದವರು ಹೋದ ತಿಂಗಳು ತೀರಿಕೊಂಡರು. ಪತ್ರಿಕೆಯವರು ನಾಲ್ಕು ಸಾಲು ಬರೆದು ಕೈತೊಳೆದುಕೊಂಡರು. ಅಣೆಕಟ್ಟು ಒಡೆದ ಪ್ರಕರಣ ನಡೆಸಿದವರು, ಸರಳ ಜೀವಿ, ಒಬ್ಬ ಮಗಳನ್ನು ಅಗಲಿದ್ದಾರೆ. ಸರಳ ಜೀವಿಯಂತೆ. ಹತ್ತೊಂಬತ್ತು ವರ್ಷ ಅವರ ಕೈಕೆಳಗೆ ಟೈಪಿಸ್ಟ್ ಆಗಿದ್ದವಳು ನಾನು. ಅವರಷ್ಟು ಸಿಕ್ಕುಸಿಕ್ಕಾದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಕಚೇರಿಯಲ್ಲಿ ಅವರಿಗೆ ಪುರಾವೆ ವಕೀಲರು ಎಂದೇ ಹೆಸರು. ಹೊರಗೆ ಮಳೆ ಸಾರ್ ಎಂದರೂ "ಪುರಾವೆ?" ಎನ್ನುವವರು. ಒಂದು ಸಲ ರೋಸಿಹೋದ ಜವಾನ ತೊಯ್ದ ಕೊಡೆಯನ್ನು ತಂದು ಅವರ ಮೇಜಿನ ಮೇಲೇ ಇಟ್ಟ. "ಇದು ಕೊಡೆ ಒದ್ದೆಯಾಗಿದೆ ಅನ್ನೋದಕ್ಕೆ ಪುರಾವೆ, ಅಷ್ಟೆ," ಎಂದು ಅವರು ಫೈಲಿಗೆ ಮರಳಿದರು. ನಾವೆಲ್ಲ ಕದ್ದು ನಕ್ಕೆವು.

ಊರಿನ ಮೇಲ್ಗಡೆ ಕುಡಿಯುವ ನೀರಿನ ಅಣೆಕಟ್ಟು. ಅಪಾಯ ಬಂದರೆ ಕೂಗಲೆಂದು ಅಲ್ಲೊಂದು ಸೈರನ್. ಅದು ಕೆಟ್ಟಿಲ್ಲವೆಂದು ಖಾತ್ರಿಮಾಡಿಕೊಳ್ಳಲು ಪ್ರತಿ ಸೋಮವಾರ ಹತ್ತು ಗಂಟೆಗೆ ಒಂದು ನಿಮಿಷ ಕೂಗಿಸುತ್ತಿದ್ದರು. ಹದಿನೈದು ವರ್ಷ ಹೀಗೇ ನಡೆದು, ಊರಿಗೆ ಊರೇ ಅದನ್ನು ಗಡಿಯಾರ ಮಾಡಿಕೊಂಡಿತ್ತು. ಕೆಳಬೀದಿಯ ದರ್ಜಿ ಅದು ಕೂಗಿದ ಕೂಡಲೇ ಮೇಲಿನ ಬೀದಿಯ ಅಂಗಡಿಗೆ ಚಹಾ ಕುಡಿಯಲು ಏಳುತ್ತಿದ್ದ. ಆ ಸೋಮವಾರ ಸೈರನ್ ಪರೀಕ್ಷೆಗೆಂದು ಹೋದ ಕಾವಲುಗಾರ ಕಟ್ಟೆಯ ಬಿರುಕಿನಿಂದ ನೀರು ಚಿಮ್ಮುವುದನ್ನು ಕಂಡ. ಒತ್ತಿದ ಗುಂಡಿಯಿಂದ ಕೈ ತೆಗೆಯಲೇ ಇಲ್ಲ. ಇವತ್ತೇನು ಇಷ್ಟು ಹೊತ್ತು ಕೂಗುತ್ತಿದೆ ಎಂದು ಕಚೇರಿಯಲ್ಲಿದ್ದ ನಾನು ಅಂದುಕೊಂಡೆ. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿತ್ತು, ಸರಿಮಾಡಿ ಕೂತೆ. ಇಪ್ಪತ್ತು ನಿಮಿಷಕ್ಕೆ ನೀರು ಕೆಳಬೀದಿಗೆ ನುಗ್ಗಿತು. ನಲವತ್ತೊಂದು ಜನ ಹೋದರು. ಅದೇ ಬೀದಿಯ ಮನೆಯಲ್ಲಿದ್ದ ವಕೀಲರ ಹೆಂಡತಿಯೂ ಹೋದರು.

ಎರಡು ವಾರಕ್ಕೆ ವಕೀಲರು ಕೆಲಸಕ್ಕೆ ಬಂದರು. ತಾವು ಪರಿಹಾರಕ್ಕೆ ಅರ್ಜಿ ಹಾಕುವುದಿಲ್ಲವೆಂದು ಬರೆದುಕೊಟ್ಟರು. ಹಾಗಾಗಿ ಅವರೇ ನಗರಸಭೆಯ ಪರ ವಾದಿಸಲು ಅಧ್ಯಕ್ಷರು ಅಡ್ಡಿ ಹೇಳಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಬಂದ ಅರ್ಜಿಗಳಿಗೆಲ್ಲ ಅವರದು ಒಂದೇ ಉತ್ತರ: "ಸೈರನ್ ಮೂಲಕ ಸಕಾಲದಲ್ಲಿ ಎಚ್ಚರಿಕೆ ನೀಡಲಾಗಿತ್ತು. ಅದನ್ನು ಕೇಳಿಯೂ ಮನೆ ಬಿಡದವರ ಹೊಣೆ ನಗರಸಭೆಯದಲ್ಲ." ಮೂವತ್ತೆರಡು ಸಲ ಇದನ್ನು ಟೈಪ್ ಮಾಡಿದೆ. ಉಂಡ ಮನೆಗೆ ಎರಡು ಬಗೆಯಬಾರದು, ಒಪ್ಪುತ್ತೇನೆ. ಆದರೆ ಈ ಸಾಲು ಸತ್ತ ಹೆಂಡತಿಗೂ ತಗಲುತ್ತದಲ್ಲ ಎಂದು ಇವರಿಗೆ ಅನ್ನಿಸುವುದೇ ಇಲ್ಲವೇ? ಕಲ್ಲಾದರೂ ಕರಗೀತು, ಈ ಮನುಷ್ಯ ಕರಗಲಾರ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಅರ್ಜಿದಾರರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಹೇಳಿಕೆ ಪಡೆಯುತ್ತಿದ್ದರು. ಒಂದು ಮಧ್ಯಾಹ್ನ ದರ್ಜಿ ಬಂದ. ಹೆಂಡತಿ, ಮೊಮ್ಮಗಳು ಇಬ್ಬರನ್ನೂ ಕಳೆದುಕೊಂಡಿದ್ದ.

"ಸೈರನ್ ಕೇಳಿಸ್ತಾ?"

"ಕೇಳಿಸ್ತು ಸಾರ್. ಏನ್ರೀ ಇದು, ನಿಲ್ತಾನೇ ಇಲ್ಲ ಅಂದ್ಳು ನಮ್ಮವಳು. ಸೋಮವಾರ ಅಲ್ವೇನೇ, ಟೆಸ್ಟು ಅಂತ ಹೇಳಿ ಚಹಾಕ್ಕೆ ಹೋದೆ. ಮಗು ಅಜ್ಜಿ ಜೊತೆ ಉಳ್ಕೊಳ್ತು."

"ಟೆಸ್ಟು ಅಂತ ತಿಳ್ಕೊಂಡ್ರಿ. ಅದಕ್ಕೆ ಪುರಾವೆ?"

"ನನ್ನ ಮಾತು ಕೇಳಿಸ್ಕೊಂಡವರಿಬ್ರೂ ನೀರಲ್ಲಿ ಹೋದ್ರು. ಎಲ್ಲಿಂದ ತರ್ಲಿ ಸಾರ್?" ಎಂದ ದರ್ಜಿ. ಆಮೇಲೆ ತನಗೇ ಹೇಳಿಕೊಳ್ಳುವವನಂತೆ, "ನನ್ನ ಬಾಯಿ ಸುಮ್ನಿದ್ದಿದ್ರೆ ಇಬ್ರೂ ಇರ್ತಿದ್ರು," ಎಂದ.

ವಕೀಲರು ಎದ್ದು ಆತನಿಗೆ ಕುಡಿಯಲು ನೀರು ಕೊಟ್ಟರು. ಹೆಗಲು ಹಿಡಿದುಕೊಂಡು ಮೆಟ್ಟಿಲವರೆಗೂ ಬಿಟ್ಟು ಬಂದರು. ಯಾರನ್ನೂ ಅವರು ಹಾಗೆ ಕಳಿಸಿದ್ದನ್ನು ನಾನು ನೋಡಿರಲಿಲ್ಲ. ಬಂದವರೇ ನನ್ನ ಮುಂದೆ ನಿಂತರು.

"ಒಂದು ಹೊಸ ಅರ್ಜಿ ಟೈಪ್ ಮಾಡಿ ಅಮ್ಮ."

"ಯಾರದು ಸಾರ್?"

"ನಂದು."

ನಿಂತುಕೊಂಡೇ ಹೇಳಿದರು. ಮೃತರಿಗೆ ಸಂಬಂಧ, ಗಂಡ. ಮೃತರಿಗೆ ಸೈರನ್ ಕೇಳಿಸಿತ್ತೇ, ಕೇಳಿಸಿತ್ತು. ಮನೆ ಬಿಡದಿರಲು ಕಾರಣ ಎಂಬಲ್ಲಿಗೆ ಬಂದಾಗ ಕುರ್ಚಿ ಎಳೆದು ಕೂತರು.

"ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಆಕೆ ನನಗೆ ಫೋನ್ ಮಾಡಿದಳು. ಸೈರನ್ ನಿಲ್ಲುತ್ತಿಲ್ಲ, ಮೇಲಿನ ಬೀದಿಗೆ ಹೋಗಲೇ ಎಂದು ಕೇಳಿದಳು. ಇದು ಸೋಮವಾರದ ಪರೀಕ್ಷೆ, ಹೋಗುವುದು ಬೇಡ ಎಂದೆ. ನಗರಸಭೆಯ ವಕೀಲನಾದ ನನಗೇ ಅದು ಎಚ್ಚರಿಕೆಯೆಂದು ತಿಳಿಯಲಿಲ್ಲ."

ಆ ಫೋನ್ ಬಂದ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

"ಮಗಳಿಗೆ ಗೊತ್ತಾ ಸಾರ್?"

"ಇಲ್ಲ. ಅಮ್ಮಂಗೆ ಹೊರಡೋಕೆ ಟೈಮೇ ಸಿಗಲಿಲ್ಲ ಅಂದಿದ್ದೆ. ನಾಳೆ ಊರೆಲ್ಲ ಓದುತ್ತೆ, ಅದಕ್ಕೆ ಮುಂಚೆ ನಾನೇ ಹೇಳ್ಬೇಕು."

"ಅವಳು ಬಿಟ್ಟುಹೋದ್ರೆ?"

"ಆ ಭಯಕ್ಕೇ ಅಮ್ಮ ಇಷ್ಟು ದಿನ ಅರ್ಜಿ ಹಾಕ್ದೇ ಇದ್ದಿದ್ದು. ನನಗೆ ಉಳಿದಿರೋದು ಅವಳೊಬ್ಬಳೇ."

ಅರ್ಜಿಯ ಜೊತೆಗೆ ರಾಜೀನಾಮೆಯನ್ನೂ ಕೊಟ್ಟು ಹೋದರು. ನಗರಸಭೆಯ ವಕೀಲರೇ ಪರೀಕ್ಷೆ ಎಂದುಕೊಂಡಿದ್ದರೆ ದರ್ಜಿ ಇನ್ನೇನೆಂದು ತಿಳಿಯಬೇಕಿತ್ತು ಎಂದು ನ್ಯಾಯಾಧೀಶರು ಕೇಳಿದರು. ಎಲ್ಲ ಅರ್ಜಿಗಳೂ ಮಂಜೂರಾದವು. ಊರಿಗೆ ತಿಳಿದದ್ದು ಇಷ್ಟೇ.

ಅವರು ರಾಜೀನಾಮೆ ಕೊಟ್ಟ ಮರುದಿನ ನಾನು ಕಚೇರಿಗೆ ಬರುವಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತಿದ್ದಳು. ಮೇಲಿನ ಬೀದಿಯ ಶಾಲೆಯಲ್ಲಿ ಟೀಚರು. ಅತ್ತು ಅತ್ತು ಮುಖ ಊದಿತ್ತು.

"ಅಪ್ಪನ ಅರ್ಜಿ ಜೊತೆ ನನ್ನದೂ ಒಂದು ಹೇಳಿಕೆ ಸೇರಿಸಿ ಆಂಟಿ."

"ಅಪ್ಪ ಹೇಳಿದ್ರೇನಮ್ಮ?"

"ಹೇಳಿದ್ರು. ನಂಗೆ ಮೊದಲೇ ಗೊತ್ತಿತ್ತು. ಅವತ್ತು ಅಪ್ಪನ ಹತ್ರ ಮಾತಾಡಿದ್ಮೇಲೆ ಅಮ್ಮ ನಂಗೂ ಫೋನ್ ಮಾಡಿದ್ಳು. ಅಪ್ಪ ಟೆಸ್ಟು ಅಂದ್ರು, ಆದ್ರೂ ಯಾಕೋ ಮನಸ್ಸು ತಡೀತಿಲ್ಲ, ನಿನ್ನ ಶಾಲೆ ಹತ್ರ ಬಂದುಬಿಡ್ಲಾ ಅಂದ್ಳು. ನಂಗೆ ಕ್ಲಾಸಿತ್ತು. ಅಪ್ಪ ಹೇಳಿದ್ಮೇಲೆ ಇನ್ನೇನಮ್ಮ, ಸುಮ್ನಿರು ಅಂತ ಫೋನಿಟ್ಟೆ."

ಟೈಪ್ ಮಾಡಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು.

"ಇದನ್ನ ಅಪ್ಪಂಗೆ ಹೇಳಿದ್ಯಾ?"

"ಹೇಳ್ದೆ. ನಿಂದೇನೂ ತಪ್ಪಿಲ್ಲ ಮಗಳೇ, ನೀನು ನನ್ನ ಮಾತು ನಂಬಿದೆ ಅಷ್ಟೆ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡು, "ಅಮ್ಮನೂ ಅಷ್ಟೇ ಮಾಡಿದ್ದು ಅಂದ್ಬಿಟ್ಟೆ ಆಂಟಿ. ಅವ್ರು ಊಟ ಬಿಟ್ಟು ಎದ್ದುಹೋದ್ರು," ಎಂದಳು.

ಅವಳು ಬಿಟ್ಟುಹೋಗಲಿಲ್ಲ. ಹನ್ನೊಂದು ವರ್ಷ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪನ ಜೊತೆಯಲ್ಲೇ ಇದ್ದಳು, ಕೊನೆಗಾಲದಲ್ಲಿ ತುತ್ತು ಮಾಡಿ ಉಣ್ಣಿಸಿದಳು. ಇಬ್ಬರೂ ಊಟದ ಹೊತ್ತಿನ ಆ ಮಾತನ್ನು ಮತ್ತೆ ಎತ್ತಲಿಲ್ಲ. ಹೋದ ತಿಂಗಳು ಮಣ್ಣುಮಾಡಿ ಬಂದ ಮೇಲೆ ನನ್ನ ಪಕ್ಕದಲ್ಲಿ ಕೂತು ಅಂದಳು, "ತಪ್ಪಾಯ್ತು ಅಪ್ಪ ಅಂತ ಒಂದು ಮಾತು ಹೇಳ್ಬೇಕಿತ್ತು ಆಂಟಿ. ದಿನಾ ನಾಳೆ ಹೇಳೋಣ ಅಂದ್ಕೊಳ್ತಿದ್ದೆ."