ಹಸಿದ ಹವಳ, ಅವ್ವನ ಚೊಂಬು

"ಅವ್ವಾ, ಬೇಡ!" ಎಂದು ಕಿರುಚಿ ಓಡಿದೆ. ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ನಾನು ಹವಳ ಸಾಕಿರುವ ಉಪ್ಪುನೀರಿನ ಗಾಜಿನ ತೊಟ್ಟಿಯ ಮೇಲೆ ಅವ್ವ ಚೊಂಬು ಬಗ್ಗಿಸಿದ್ದಳು. ಅದರಲ್ಲಿದ್ದದ್ದು ತಂಬಾಕು ಸಸಿಗೆ ಹಾಕುವ ಗೊಬ್ಬರ ಕರಗಿಸಿದ ನೀರು. ಸುರಿದಿದ್ದರೆ ಮೀನು, ಹವಳ ಒಂದೂ ಉಳಿಯುತ್ತಿರಲಿಲ್ಲ. ಚೊಂಬು ಕಿತ್ತುಕೊಂಡೆ.

"ಬೆಳ್ಳಗಾಗ್ಬುಟ್ಟವೆ ಕಣಪ್ಪ, ಅಸ್ಕಂಡವೆ. ಸಸಿ ಇಂಗಾದ್ರೆ ಗೊಬ್ಬರ ಕೊಡಲ್ವಾ ನಾವು?"

ಮೊದಲೇ ಸ್ವಲ್ಪ ಸುರಿದುಬಿಟ್ಟಿದ್ದಾಳೋ ಎಂಬ ಭಯಕ್ಕೆ ತೊಟ್ಟಿಯ ನೀರು ಪರೀಕ್ಷಿಸಿದೆ. ಗೊಬ್ಬರದಲ್ಲಿರುವ ನೈಟ್ರೇಟ್ ಇದ್ದರೆ ಬಣ್ಣ ತಿರುಗಬೇಕಿದ್ದ ನೀರು ತಿಳಿಯಾಗಿಯೇ ಉಳಿಯಿತು. ಅವ್ವ ಅಂದದ್ದು ನಿಜ, ಹವಳ ಹಸಿದೇ ಇತ್ತು; ಅದಕ್ಕೆ ಬೇಕಾದಷ್ಟು ನೈಟ್ರೇಟೂ ಉಳಿಯದಂತೆ ತೊಟ್ಟಿ ತೊಳೆದಿದ್ದವನು ನಾನೇ.

ಈಗ ಮೀನಿಗೆ ಒಂದು ಚಿಟಿಕೆ ಹೆಚ್ಚು ಮೇವು ಹಾಕುತ್ತೇನೆ. ಅವುಗಳ ಹಿಕ್ಕೆಯಿಂದಲೇ ಹವಳಕ್ಕೆ ಊಟ. ಬಣ್ಣ ಮರಳುತ್ತಿದೆ. ಅವ್ವ ದಿನವೂ ಬಂದು ನೋಡುತ್ತಾಳೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.