ಗುಡಿಸಬಾರದ್ದನ್ನು ಕಾಯುವ ಎಮೋಕೆ

ಬೆಳಗಿನ ಐದೂವರೆ. ಸೆಗೆಡ್ ಊರಿನ ಎರಡನೇ ಮಹಡಿಯ ಅಡುಗೆಮನೆಯಲ್ಲಿ ಬೆರೆತ್ಸ್ಕಿ ಎಮೋಕೆ ಗಸಗಸೆ ಬನ್ನು ಕಚ್ಚುವುದನ್ನೂ ಮರೆತು ಕಂಪ್ಯೂಟರ್ ನೋಡುತ್ತಿದ್ದಾರೆ. ತಿಸಾ ನದಿ ಏರುತ್ತಿದೆ. ಹರಿವಿನ ಮೇಲ್ಗಡೆ ಇರುವ ಕಟ್ಟೆಯ ಮಾಪಕ ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಕಳಿಸಬೇಕು. ಹೋದ ವಸಂತದ ನೆರೆಯಲ್ಲಿ ಅದು ನಾಲ್ಕು ತಾಸು ಬಾಯಿ ಮುಚ್ಚಿಕೊಂಡಿತ್ತು. ಈ ಸಲವೂ ಹಾಗಾದರೆ ಏನು ಗತಿ ಎಂಬ ಭಯ ಎಮೋಕೆಯವರ ಮುಖದಲ್ಲೇ ಕಾಣುತ್ತಿದೆ.

ಅರವತ್ತೊಂದರ ಎಮೋಕೆ ಹಗಲು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಬೆಳಗಿನ ಎರಡು ತಾಸು ಮಾತ್ರ ಕಂಪ್ಯೂಟರಿನ ಕಸ ಗುಡಿಸುವುದಕ್ಕೆ. ಇಲ್ಲಿನ ನಾಲ್ಕಾರು ಗಣಿತಜ್ಞರು ಕಟ್ಟಿದ ‘ಫೊನಾಲ್’ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಮ್ಮೆ ಮಾಡಿದ್ದನ್ನು ತಿದ್ದುವ ಹಾಗಿಲ್ಲ, ಬದಲಾವಣೆ ಬೇಕೆಂದರೆ ಹೊಸದನ್ನೇ ಮಾಡಬೇಕು. ಹಳೆಯದೆಲ್ಲ ಮೆಮೊರಿಯಲ್ಲಿ ಕಸವಾಗಿ ಬೀಳುತ್ತದೆ. ಅದನ್ನು ತೆಗೆಯುವ ಭಾಗವನ್ನು, ಅಂದರೆ ಗಾರ್ಬೇಜ್ ಕಲೆಕ್ಷನ್ನನ್ನು, ಇಪ್ಪತ್ತಾರು ವರ್ಷಗಳಿಂದ ಇವರೊಬ್ಬರೇ ನೋಡಿಕೊಳ್ಳುತ್ತಿದ್ದಾರೆ. ದಿನಕ್ಕೆ ಮೂವತ್ತು ದೂರಿನ ಪತ್ರಗಳು ಬರುತ್ತವೆ. ಒಂದು ಸಾಲು ಬದಲಿಸಿದರೂ ಹತ್ತು ಸಾವಿರ ಸಲ ಗುಡಿಸಿ ನೋಡಬೇಕು. ಗಂಡ ಕಾಯಿಲೆ ಬಿದ್ದ ಎರಡು ವರ್ಷ ಈ ಕೆಲಸ ಆಸ್ಪತ್ರೆಯ ಬೆಂಚಿನ ಮೇಲೆ ನಡೆಯಿತು.

“ಗುಡಿಸೋದೇನು, ಯಾರು ಬೇಕಾದ್ರೂ ಗುಡಿಸ್ತಾರೆ,” ಎನ್ನುತ್ತಾರೆ ಎಮೋಕೆ. “ಯಾರೋ ಇನ್ನೂ ಬಳಸ್ತಿರೋದನ್ನ ಮುಟ್ಟಬಾರ್ದು. ಅದೇ ಕಷ್ಟ.”

ಕಳೆದ ವರ್ಷ ಎಡವಿದ್ದು ಅಲ್ಲೇ. ಈ ಭಾಷೆಯಲ್ಲಿ ವೀಕ್ ಪಾಯಿಂಟರ್ ಎಂಬ ದುರ್ಬಲ ಕೊಂಡಿಯೊಂದಿದೆ. ಅದು ವಸ್ತು ಎಲ್ಲಿದೆಯೆಂದು ತೋರಿಸುತ್ತದೆ, ಹಿಡಿದುಕೊಳ್ಳುವುದಿಲ್ಲ. ಬೇರೆ ಯಾರೂ ಹಿಡಿದಿಲ್ಲವೆಂದರೆ ವಸ್ತು ಕಸಕ್ಕೆ ಹೋಗುತ್ತದೆ, ಹೋಗುವಾಗ ಅದರ ಹೆಸರಿನಲ್ಲಿ ಹೇಳಿಟ್ಟ ಕೊನೆಯ ಕೆಲಸವೂ ನಡೆಯುತ್ತದೆ. ಕಟ್ಟೆಯ ಮಾಪಕವನ್ನು ನಡೆಸುವ ಪ್ರೋಗ್ರಾಮೂ ಫೊನಾಲ್‌ನದೇ, ಅಲ್ಲಿ ಆ ಕೊನೆಯ ಕೆಲಸವೆಂದರೆ ಮಾಪಕದ ಸಂಪರ್ಕ ಕಡಿಯುವುದು. ಭಾಷೆಯ ಕೈಪಿಡಿಗೆ ಇಂಥದೊಂದು ಮಾದರಿ ಪ್ರೋಗ್ರಾಮ್ ಬರೆಯುವಾಗ ಎಮೋಕೆ ಕೊಂಡಿಯನ್ನು ಸಂಪರ್ಕಕ್ಕೆ ಕಟ್ಟುವ ಬದಲು ಮಾಪಕದ ಸಂಖ್ಯೆಗೆ ಕಟ್ಟಿದ್ದರು. ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ವೇಗದ ಆಸೆಗೆ ಆ ಸಂಖ್ಯೆಯ ನಕಲು ಇಟ್ಟುಕೊಂಡು ಮೂಲವನ್ನು ಕೈಬಿಟ್ಟಿತು. ಮೂಲ ಯಾರಿಗೂ ಬೇಡವೆಂದು ಕಸಕ್ಕೆ ಹೋಯಿತು, ಬಳಕೆಯಲ್ಲಿದ್ದ ಸಂಪರ್ಕವೂ ಕಡಿದುಹೋಯಿತು. ನೆರೆ ನೋಡಿಕೊಳ್ಳುವ ಕಚೇರಿಯವರು ಆ ಮಾದರಿಯನ್ನು ಇದ್ದಹಾಗೇ ಬಳಸಿದ್ದರು.

ಆ ನಾಲ್ಕು ತಾಸು ಕಟ್ಟೆಯ ಕಾವಲುಗಾರ ದೆಜೋ ಸೊಂಟಮಟ್ಟದ ತಣ್ಣೀರಲ್ಲಿ ನಿಂತು, ಅಳತೆಪಟ್ಟಿ ಓದಿ ಫೋನಿನಲ್ಲಿ ಹೇಳುತ್ತಿದ್ದರು. ಆಮೇಲೆ ನ್ಯುಮೋನಿಯಾ ಆಗಿ ಮೂರು ವಾರ ಮಲಗಿದರು. ಎಮೋಕೆ ಬಸ್ಸು ಹತ್ತಿ ಹೋಗಿ ಮಂಚದ ಪಕ್ಕ ಕೂತು, ತಪ್ಪು ತನ್ನದೆಂದು ಒಪ್ಪಿಕೊಂಡರು.

“ಮಾಪಕ ಯಾರಿಗೂ ಬೇಡ ಅಂದ್ಕೊಂಡ್ತಾ ನಿಮ್ಮ ಯಂತ್ರ?” ಎಂದರಂತೆ ದೆಜೋ. “ನಮ್ಮನೆಯವಳೂ ನನ್ನ ಬಗ್ಗೆ ಮೂವತ್ತು ವರ್ಷದಿಂದ ಹಾಗೇ ಅಂದ್ಕೊಂಡಿದಾಳೆ, ಎಮೋಕೆಯವ್ರೇ. ಆದ್ರೂ ಗುಡಿಸಿ ಹಾಕಿಲ್ಲ.”

ಅವರು ನಗಿಸಿದರು, ನನಗೆ ಅಳು ಬಂತು ಎಂದು ಎಮೋಕೆ ನೆನೆಯುತ್ತಾರೆ. ಈಗ ಕೊಂಡಿಯನ್ನು ಸಂಪರ್ಕಕ್ಕೇ ಕಟ್ಟಿದ್ದಾರೆ. ಪರೀಕ್ಷೆಗಳೇನೋ ಪಾಸಾಗಿವೆ, ಆದರೆ ನಿಜವಾದ ನೆರೆ ಬಂದಿರುವುದು ಇವತ್ತೇ.

ಆರೂ ಹತ್ತಕ್ಕೆ ಫೋನು ಬರುತ್ತದೆ. ದೆಜೋ ಕಟ್ಟೆಯ ಮೇಲೆಯೇ ನಿಂತು ದುರ್ಬೀನಿನಲ್ಲಿ ಅಳತೆಪಟ್ಟಿ ಓದಿದ್ದಾರೆ: ಏಳುನೂರ ನಲವತ್ತು ಸೆಂಟಿಮೀಟರ್. ಪರದೆಯ ಮೇಲೂ ಏಳುನೂರ ನಲವತ್ತು. ನಿನ್ನೆಯಿಂದ ಮಾಪಕ ಒಂದು ಸಲವೂ ತಪ್ಪಿಸಿಲ್ಲ. ಎಮೋಕೆ ಫೋನು ಕೆಳಗಿಟ್ಟು ಕನ್ನಡಕ ತೆಗೆದು, ಮರೆತಿದ್ದ ಬನ್ನು ಕಚ್ಚುತ್ತಾರೆ.

ಹಳೆಯ ಮಾದರಿಯನ್ನು ಕೈಪಿಡಿಯಿಂದ ಅಳಿಸಿಬಿಡೋಣ, ನಿಮಗೇಕೆ ಮುಜುಗರ ಎಂದು ಸಂಗಡಿಗರು ಪ್ರೀತಿಯಿಂದಲೇ ಹೇಳಿದ್ದರು. ಎಮೋಕೆ ಒಪ್ಪಲಿಲ್ಲ. ಆರುನೂರು ಪುಟಗಳ ಆ ಕೈಪಿಡಿಯಲ್ಲಿ ಅವರ ಹೆಸರಿರುವುದು ಅದೊಂದೇ ಕಡೆ. ನಿಮಗೇನು ಆಸೆ ಎಂದು ಕೇಳಿದಾಗಲೂ ಅವರು ಆ ಪುಟವನ್ನೇ ತೆರೆದು ತೋರಿಸುತ್ತಾರೆ.

“ಇದು ಹೀಗೇ ಇರ್ಲಿ. ಪಕ್ಕದಲ್ಲಿ, ‘ಇದು ತಪ್ಪು, ಬರೆದವಳು ಎಮೋಕೆ’ ಅಂತ ಹಾಕಿದೀನಿ. ಅಳಿಸಿದ್ರೆ ನಾಳೆ ಇನ್ಯಾರೋ ಇದನ್ನೇ ಬರೀತಾರೆ. ಇನ್ಯಾರೋ ನೀರಿಗಿಳೀತಾರೆ.”